ಮಾಯಾವಿಯ ಕೈ ಮಾತ್ರ ಏಕೆ ಕಾಣುತ್ತದೆ?

ಚೆನ್ನೈನ ಕೀಲ್ಪಾಕ್‌ನ ರದ್ದಿ ಅಂಗಡಿಗೆ ಹಳೆಯ ತಮಿಳು ಕಾಮಿಕ್ಸ್ ಬಂದರೆ ಅದು ತಕ್ಕಡಿ ಹತ್ತುವುದಿಲ್ಲ. ಅಂಗಡಿಯವನಿಗೆ ಅದರ ಬೆಲೆ ಗೊತ್ತು. ಪಕ್ಕಕ್ಕೆ ತೆಗೆದಿಟ್ಟು, ಕೇಳಿಕೊಂಡು ಬರುವ ತಲೆನರೆತ ಗಿರಾಕಿಗಳಿಗೆ ಬಾಯಿಗೆ ಬಂದ ದರ ಹೇಳುತ್ತಾನೆ. ಆ ಗಿರಾಕಿಗಳು ಹುಡುಕುವುದು ಹೆಚ್ಚಾಗಿ ಒಬ್ಬನೇ ನಾಯಕನನ್ನು. ಅವನು ‘ಇರುಂಬುಕ್ಕೈ ಮಾಯಾವಿ’, ಅಂದರೆ ಕಬ್ಬಿಣದ ಕೈಯ ಮಾಯಾವಿ. ಶಿವಕಾಶಿಯ ಮುತ್ತು ಕಾಮಿಕ್ಸ್ 1972ರಲ್ಲಿ ತನ್ನ ಮೊದಲ ಸಂಚಿಕೆಯನ್ನು ಇವನ ಹೆಸರಿನಲ್ಲೇ ತಂದಿತು. ಆಮೇಲಿನ ಒಂದೆರಡು ತಲೆಮಾರಿನ ತಮಿಳು ಹುಡುಗರಿಗೆ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಎಲ್ಲ ಇವನ ನಂತರವೇ.

ಹುಟ್ಟಿನಲ್ಲಿ ಇವನು ಇಂಗ್ಲೆಂಡಿನವನು. 1962ರ ಅಕ್ಟೋಬರಿನಲ್ಲಿ ಶುರುವಾದ ‘ವೇಲಿಯಂಟ್’ ಎಂಬ ವಾರಪತ್ರಿಕೆಯಲ್ಲಿ ‘ದಿ ಸ್ಟೀಲ್ ಕ್ಲಾ’ ಎಂಬ ಧಾರಾವಾಹಿಯಾಗಿ ಬಂದ. ಬರೆದವನು ಕೆನ್ ಬುಲ್ಮರ್, ಚಿತ್ರ ಬಿಡಿಸಿದವನು ಸ್ಪೇನಿನ ಹೆಸೂಸ್ ಬ್ಲಾಸ್ಕೊ. ಕಥಾನಾಯಕ ಲೂಯಿ ಕ್ರ್ಯಾಂಡೆಲ್ ಪ್ರಯೋಗಾಲಯದ ಸಹಾಯಕ. ಒಂದು ಕೈ ಕಳೆದುಕೊಂಡು ಆ ಜಾಗಕ್ಕೆ ಉಕ್ಕಿನ ಕೈ ಹಾಕಿಸಿಕೊಂಡವನು. ಪ್ರಯೋಗದ ವೇಳೆ ಅವಘಡವಾಗಿ ಭಾರೀ ವಿದ್ಯುತ್ತು ಮೈಗೆ ಹರಿಯುತ್ತದೆ. ಸಾಯುವ ಬದಲು ಅವನು ಮಾಯವಾಗುತ್ತಾನೆ. ಅಲ್ಲಿಂದಾಚೆಗೆ ಕರೆಂಟು ಹೊಡೆಸಿಕೊಂಡಾಗಲೆಲ್ಲ ಅದೃಶ್ಯ. ಸ್ವಲ್ಪ ಹೊತ್ತಿಗೆ ಪರಿಣಾಮ ಇಳಿದು ಮತ್ತೆ ಕಾಣಿಸಿಕೊಳ್ಳುತ್ತಾನೆ. ಮಾಯವಾದಾಗಲೂ ಉಕ್ಕಿನ ಕೈ ಮಾತ್ರ ಮಾಯವಾಗುವುದಿಲ್ಲ.

ಕಪ್ಪುಬಿಳುಪಿನ ಒಂದು ಪುಟ ಬಿಡಿಸಿದರೆ ಸಾಕು, ಇದರ ಸೊಗಸು ಗೊತ್ತಾಗುತ್ತದೆ. ಒಂದು ಚೌಕದಲ್ಲಿ ಗೋಡೆಯ ಪ್ಲಗ್ಗಿನ ಕಡೆ ಚಾಚಿದ ಬೆರಳು. ಮುಂದಿನದರಲ್ಲಿ ಕಿಡಿಗಳ ಬಿಳಿ ಗೆರೆ. ಮೂರನೆಯದರಲ್ಲಿ ಖಾಲಿ ಕೋಣೆ, ಅದರ ನಡುವೆ ಎದೆಯೆತ್ತರದಲ್ಲಿ ತೇಲುತ್ತಿರುವ ಒಂದು ಲೋಹದ ಕೈ, ಗೆಣ್ಣುಗಳ ಮೇಲೆ ದಪ್ಪ ಮಸಿಯ ನೆರಳು. ಬಾಗಿಲಲ್ಲಿ ನಿಂತ ಕಾವಲುಗಾರನ ಕಣ್ಣು ಅಗಲವಾಗಿದೆ.

ನಮ್ಮ ಅಪಾರ್ಟ್‌ಮೆಂಟಿನ ಮೇಲ್ಮಹಡಿಯಲ್ಲಿ ಪೆರಂಬೂರಿನ ರೈಲ್ವೆ ಕೋಚ್ ಕಾರ್ಖಾನೆಯಿಂದ ನಿವೃತ್ತರಾದವರೊಬ್ಬರಿದ್ದಾರೆ. ಮಾಯಾವಿಯ ಪರಮಭಕ್ತರು. ತಮಿಳುನಾಡಿನಲ್ಲಿ ವಿದ್ಯುತ್ ಕಡಿತ ವಿಪರೀತವಾಗಿದ್ದ ವರ್ಷಗಳ ಮಾತು ಬಂದಾಗ ಅವರು ಕೇಳಿದ್ದು ಹೀಗೆ: “ಮಾಯಾವಿ ಲಂಡನ್ನಿನವನಾಗಿದ್ದಕ್ಕೆ ಬದುಕಿಕೊಂಡ ಸಾರ್. ನಮ್ಮೂರಲ್ಲಿದ್ದಿದ್ರೆ ಪವರ್ ಕಟ್ ಟೈಮಲ್ಲಿ ಏನ್ ಮಾಡ್ತಿದ್ದ? ಟೈಮ್‌ಟೇಬಲ್ ನೋಡ್ಕೊಂಡು ಕಳ್ಳರನ್ನ ಹಿಡೀಬೇಕಿತ್ತು.” ನಗೆಮಾತಾದರೂ ಅದರಲ್ಲಿ ಹುರುಳಿದೆ. ಇವನ ಶಕ್ತಿಯ ಮೂಲವೂ ಹೊರಗಿನದು, ದೌರ್ಬಲ್ಯವೂ ಎದ್ದು ಕಾಣುವಂಥದು. ಇಷ್ಟು ದೊಡ್ಡ ತೂತುಗಳಿರುವವನನ್ನು ನಾಯಕ ಮಾಡಿದವರಿಗೆ ತಲೆ ಕೆಟ್ಟಿತ್ತೆ?

ಕೆಟ್ಟಿರಲಿಲ್ಲ. ಅದೃಶ್ಯನಾದ ನಾಯಕನನ್ನು ಚಿತ್ರಕಾರ ಬಿಡಿಸುವುದು ಹೇಗೆ? ಕಾದಂಬರಿಗೆ ಈ ತಾಪತ್ರಯವಿಲ್ಲ. 1897ರಲ್ಲಿ ಎಚ್.ಜಿ. ವೆಲ್ಸ್ ‘ದಿ ಇನ್‌ವಿಸಿಬಲ್ ಮ್ಯಾನ್’ ಬರೆದಾಗ ‘ಅವನು ಅಲ್ಲಿದ್ದ’ ಎಂದರೆ ಸಾಕಿತ್ತು. ಕಾಮಿಕ್ಸಿನಲ್ಲಿ ಅಲ್ಲಿದ್ದಾನೆಂದು ತೋರಿಸದಿದ್ದರೆ ಪುಟವೇ ಖಾಲಿ. ಹಾಗಾಗಿ ಆ ಕೈ ಕ್ರ್ಯಾಂಡೆಲ್‌ಗಿಂತ ಮೊದಲು ಬ್ಲಾಸ್ಕೊಗೆ ಬೇಕಿತ್ತು. ಓದುವ ಹುಡುಗನ ಕಣ್ಣಿಗೆ ಹಿಡಿಯಲು ಏನಾದರೊಂದು ಬೇಕು. ಅದೇ ವಸ್ತು ಶತ್ರುವಿನ ಕಣ್ಣಿಗೂ ಬೀಳುತ್ತದೆ. ಅಲ್ಲಿಗೆ ದೌರ್ಬಲ್ಯ ತಯಾರು. ಮಹಾಬಲರ ಬಲಹೀನತೆಗಳ ಚರಿತ್ರೆಯನ್ನು ಹಿಂದೆಮುಂದೆ ತಿರುವಿಹಾಕಿದಷ್ಟೂ ನನಗೆ ಇದೇ ಕಾಣುತ್ತದೆ. ಯಾವ ಮಾಧ್ಯಮ ಕಥೆ ಹೇಳುತ್ತಿದೆಯೋ ಆ ಮಾಧ್ಯಮಕ್ಕೆ ಒಗ್ಗುವ ಜಾಗದಲ್ಲೇ ನಾಯಕನ ಮೈಯಲ್ಲಿ ತೂತು ಬೀಳುತ್ತದೆ.

‘ಮಿಸ್ಟರ್ ಇಂಡಿಯಾ’ವನ್ನೇ ನೋಡಿ. 1987ರಲ್ಲಿ ಶೇಖರ್ ಕಪೂರ್ ನಿರ್ದೇಶಿಸಿದ ಆ ಚಿತ್ರದ ನಾಯಕನೂ ಅದೃಶ್ಯನೇ. ಕೆಂಪು ಬೆಳಕಿನಲ್ಲಿ, ಕೆಂಪು ಗಾಜಿನ ಹಿಂದಿನಿಂದ ನೋಡಿದರೆ ಮಾತ್ರ ಸಿಕ್ಕಿಬೀಳುತ್ತಾನೆ. ಬಣ್ಣದ ಸಿನಿಮಾದಲ್ಲಷ್ಟೇ ಹುಟ್ಟಬಹುದಾದ ದೌರ್ಬಲ್ಯ ಇದು. ಶಿವಕಾಶಿಯಲ್ಲಿ ಕಪ್ಪುಮಸಿಯಲ್ಲಿ ಅಚ್ಚಾಗುತ್ತಿದ್ದ ಮಾಯಾವಿಗೆ ಇದನ್ನು ಕೊಟ್ಟಿದ್ದರೆ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಎರಡೇ ವರ್ಷದಲ್ಲಿ ಆ ಕಥೆ ಅಕ್ಕಪಕ್ಕದ ಎರಡು ಭಾಷೆಗಳಿಗೆ ಇಳಿಯಿತು. ತಮಿಳಿನಲ್ಲಿ ಭಾಗ್ಯರಾಜ್ ಅವರ ‘ಎನ್ ರತ್ತತ್ತಿನ್ ರತ್ತಮೇ’, ಕನ್ನಡದಲ್ಲಿ ದ್ವಾರಕೀಶ್ ನಿರ್ದೇಶನದ, ಅಂಬರೀಶ್ ಅಭಿನಯದ ‘ಜೈ ಕರ್ನಾಟಕ’. ಅಂಬರೀಶರನ್ನು ನೋಡಲೆಂದೇ ಟಿಕೆಟ್ಟು ಕೊಂಡವರ ಎದುರು ಅಂಬರೀಶರನ್ನೇ ಮಾಯ ಮಾಡುವುದು ಎಂಥ ಸಾಹಸ ಎಂದು ಆಗಾಗ ಅಂದುಕೊಳ್ಳುತ್ತೇನೆ. ಸ್ಟಾರ್ ಇರುವ ಚಿತ್ರದಲ್ಲಿ ಅದೃಶ್ಯನ ದೌರ್ಬಲ್ಯ ಪ್ರೇಕ್ಷಕನಿಗೆ ದೊಡ್ಡ ಉಪಕಾರ.

ಇನ್ನು ಈ ವಿಷಯದಲ್ಲಿ ಎಲ್ಲರ ಬಾಯಿಗೂ ಮೊದಲು ಬರುವ ಹಸಿರು ಕಲ್ಲು, ಕ್ರಿಪ್ಟೊನೈಟ್. ಸೂಪರ್‌ಮ್ಯಾನ್ ಕಾಣಿಸಿಕೊಂಡದ್ದು 1938ರ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ. ಬರೆದ ಜೆರ್ರಿ ಸೀಗಲ್, ಬಿಡಿಸಿದ ಜೋ ಶುಸ್ಟರ್ ಇಬ್ಬರೂ ಆಗ ಇಪ್ಪತ್ತರ ಆಸುಪಾಸಿನ ಹುಡುಗರು. ನಾಯಕನ ಹಕ್ಕನ್ನು 130 ಡಾಲರಿಗೆ ಮಾರಿಬಿಟ್ಟರು. ಆಗ ಕ್ರಿಪ್ಟೊನೈಟ್ ಎಂಬುದೇ ಇರಲಿಲ್ಲ. 1940ರಲ್ಲಿ ಸೀಗಲ್ ಒಂದು ಕಥೆ ಬರೆದ. ಸೂಪರ್‌ಮ್ಯಾನನ ಹುಟ್ಟೂರಾದ ಕ್ರಿಪ್ಟಾನ್ ಗ್ರಹದ ಲೋಹದ ಚೂರೊಂದು ಭೂಮಿಯ ಬಳಿ ಬಂದು ಅವನ ಶಕ್ತಿ ಕುಂದುತ್ತದೆ, ಅದೇ ಕಥೆಯಲ್ಲಿ ಅವನ ಗುಟ್ಟು ಪತ್ರಕರ್ತೆ ಲೋಯಿಸ್ ಲೇನ್‌ಗೆ ಗೊತ್ತಾಗುತ್ತದೆ. ಪ್ರಕಾಶಕರು ಅದನ್ನು ಅಚ್ಚಿಗೆ ಕೊಡಲಿಲ್ಲ. ಕಲ್ಲು ಕೊನೆಗೂ ಬಂದದ್ದು ಪುಸ್ತಕದಲ್ಲಿ ಅಲ್ಲ, 1943ರಲ್ಲಿ ರೇಡಿಯೊದಲ್ಲಿ.

ರೇಡಿಯೊಗೆ ಏಕೆ ಬೇಕಾಯಿತು? ಹಾರುವುದು, ಗೋಡೆ ಒಡೆಯುವುದು, ರೈಲು ತಡೆಯುವುದು ಇವೆಲ್ಲ ಕಣ್ಣಿನ ಹಬ್ಬ. ಕಿವಿಗೆ ಬರೀ ಸದ್ದು. ನರಳುವ ದನಿ ಮಾತ್ರ ಕಿವಿಗೆ ನೇರ ತಾಗುತ್ತದೆ. ಬಲಭೀಮನೊಬ್ಬ ಮೈಕಿನ ಮುಂದೆ ಉಸಿರು ಸಿಕ್ಕಿಹಾಕಿಕೊಂಡು ಒದ್ದಾಡಿದರೆ ಕೇಳುವವನ ಕೈಯಲ್ಲಿದ್ದ ಲೋಟ ಅಲ್ಲೇ ನಿಲ್ಲುತ್ತದೆ. ಸೂಪರ್‌ಮ್ಯಾನನ ಪಾತ್ರಕ್ಕೆ ದನಿ ಕೊಡುತ್ತಿದ್ದ ಬಡ್ ಕಾಲಿಯರ್‌ಗೆ ರಜೆ ಬೇಕಿತ್ತು, ಅದಕ್ಕಾಗಿ ಕಲ್ಲು ಸೃಷ್ಟಿಸಿ ಬೇರೆ ಯಾರಿಂದಲೋ ನರಳಿಸಿದರು ಎಂಬ ಕಥೆಯೂ ಚಾಲ್ತಿಯಲ್ಲಿದೆ. ಮೂಲ ಉದ್ದೇಶ ಅದೇ ಎಂದು ಹೇಳುವುದು ಕಷ್ಟ, ಆದರೆ ಅಂಥ ಅನುಕೂಲವನ್ನು ಆಕಾಶವಾಣಿ ನಾಟಕ ಮಾಡಿಸಿದ ಯಾರೂ ಬಿಟ್ಟುಕೊಡಲಾರರು. ರೇಡಿಯೊದಿಂದ ಕಲ್ಲು 1948ರ ಸಿನಿಮಾ ಸೀರಿಯಲ್ಲಿಗೆ ಹಾರಿತು. 1949ರಲ್ಲಷ್ಟೇ ತನ್ನ ಸ್ವಂತ ಮನೆಯಾದ ಕಾಮಿಕ್ಸಿಗೆ ಬಂತು. ಬಂದಾಗ ಅದರ ಬಣ್ಣ ಕೆಂಪು. ಹಸಿರು ಆಮೇಲೆ ಹತ್ತಿಕೊಂಡದ್ದು.

ಒಮ್ಮೆ ಕೈಗೆ ಸಿಕ್ಕ ಮೇಲೆ ಬರಹಗಾರರು ಅದನ್ನು ಬಿಡಲಿಲ್ಲ. ಐವತ್ತು ಅರವತ್ತರ ದಶಕಗಳಲ್ಲಿ ಊರಿನ ಪ್ರತಿ ಕಳ್ಳನ ಜೇಬಿನಲ್ಲೂ ಒಂದು ತುಂಡು. ಹಸಿರು ಸಾಲದೆಂದು ಕೆಂಪು, ಬಿಳಿ, ನೀಲಿ, ಚಿನ್ನದ ಬಣ್ಣ. ಒಂದೊಂದಕ್ಕೆ ಒಂದೊಂದು ಪರಿಣಾಮ. ಸೂಪರ್‌ಮ್ಯಾನ್ ಕಥೆ ಎಂದರೆ ಕಲ್ಲು ತರುವುದು, ಅವನು ಕುಸಿಯುವುದು, ಯಾರೋ ಸೀಸದ ಪೆಟ್ಟಿಗೆ ಮುಚ್ಚುವುದು, ಇಷ್ಟೇ ಆಗಿಹೋಯಿತು. 1971ರಲ್ಲಿ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್, ಲೇಖಕ ಡೆನ್ನಿಸ್ ಓನೀಲ್ ಸೇರಿ ಒಂದೇ ಸಂಚಿಕೆಯಲ್ಲಿ ಭೂಮಿಯ ಮೇಲಿದ್ದ ಕ್ರಿಪ್ಟೊನೈಟನ್ನೆಲ್ಲ ಸಾಮಾನ್ಯ ಕಬ್ಬಿಣ ಮಾಡಿ ಕೈತೊಳೆದುಕೊಂಡರು. ಕಲ್ಲು ಮುಂದೆ ಮತ್ತೆ ಬಂತು, ಅದು ಬೇರೆ ಮಾತು. ಉಪಯೋಗಕ್ಕೆ ಬರುವ ದೌರ್ಬಲ್ಯ ಸುಲಭಕ್ಕೆ ಸಾಯುವುದಿಲ್ಲ.

ತೆರೆಯ ಮೇಲೆ ಕಲ್ಲಿನ ಬಳಕೆ ನೋಡಿದರೆ ನಿರ್ದೇಶಕರ ತಾಕತ್ತು ಗೊತ್ತಾಗುತ್ತದೆ. 1978ರ ರಿಚರ್ಡ್ ಡಾನರ್ ಚಿತ್ರದಲ್ಲಿ ಖಳ ಲೆಕ್ಸ್ ಲೂಥರ್ ಅದನ್ನು ಸರಪಳಿಗೆ ಸಿಕ್ಕಿಸಿ ಸೂಪರ್‌ಮ್ಯಾನನ ಕೊರಳಿಗೆ ಹಾಕಿ ಈಜುಕೊಳಕ್ಕೆ ನೂಕುತ್ತಾನೆ. ಬಿಡಿಸುವವಳು ಲೂಥರನ ಜೊತೆಗಾರ್ತಿಯೇ. ಹಾರಿಬರಲಿರುವ ಕ್ಷಿಪಣಿಗಳಲ್ಲೊಂದು ತನ್ನ ತಾಯಿಯ ಊರಿಗೆ ಬೀಳುತ್ತದೆಂದು ತಿಳಿದು ಅವಳ ಮನಸ್ಸು ತಿರುಗುತ್ತದೆ. ಕಲ್ಲಿನ ದೃಶ್ಯದಲ್ಲಿ ಮನಸ್ಸಿನಲ್ಲಿ ಉಳಿಯುವುದು ಅವಳ ಮುಖ. 2013ರ ‘ಮ್ಯಾನ್ ಆಫ್ ಸ್ಟೀಲ್’ ಕಲ್ಲನ್ನೇ ಬಿಟ್ಟು ಕ್ರಿಪ್ಟಾನಿನ ಗಾಳಿಯನ್ನು ಅವನಿಗೆ ವಿಷ ಮಾಡಿತು. 2016ರಲ್ಲಿ ಬ್ಯಾಟ್‌ಮ್ಯಾನ್ ಆ ಕಲ್ಲಿನಿಂದಲೇ ಈಟಿ ಮಾಡಿದ. 2025ರ ಜೇಮ್ಸ್ ಗನ್ ಚಿತ್ರದಲ್ಲಿ ಮೆಟಮಾರ್ಫೊ ಎಂಬವನು ತನ್ನ ಕೈಯನ್ನೇ ಕ್ರಿಪ್ಟೊನೈಟ್ ಮಾಡಿ ಸೂಪರ್‌ಮ್ಯಾನನ ಎದುರು ಹಿಡಿದು ಕೂರಬೇಕಾಗುತ್ತದೆ. ಅವನ ಹಸುಗೂಸು ಲೂಥರನ ಸೆರೆಯಲ್ಲಿದೆ. ಹಿಂಸೆ ಕೊಡುವವನಿಗೂ ಹಿಂಸೆ. ಕಲ್ಲಿಗೆ ಇಷ್ಟು ವರ್ಷಗಳಲ್ಲಿ ಸಿಕ್ಕ ಒಳ್ಳೆಯ ಪಾತ್ರ ಅದು ಎಂದು ನನ್ನ ಅನಿಸಿಕೆ.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ಹಕ್ಕು ಕಳೆದುಕೊಂಡ ಅದೇ ಜೆರ್ರಿ ಸೀಗಲ್ ಅರವತ್ತರ ದಶಕದಲ್ಲಿ ಹೊಟ್ಟೆಪಾಡಿಗೆ ಇಂಗ್ಲೆಂಡಿನ ‘ಲಯನ್’ ಪತ್ರಿಕೆಗೆ ‘ದಿ ಸ್ಪೈಡರ್’ ಕಥೆಗಳನ್ನು ಬರೆದ. ಆ ಸ್ಪೈಡರ್ ಮುಂದೆ ಶಿವಕಾಶಿಯ ಲಯನ್ ಕಾಮಿಕ್ಸ್ ಮೂಲಕ ತಮಿಳಿಗೆ ಬಂದು ಮಾಯಾವಿಯ ಪಕ್ಕದಲ್ಲೇ ಕುಳಿತ. ಸೂಪರ್‌ಮ್ಯಾನನ ಅಪ್ಪ ಬರೆದದ್ದನ್ನೇ ಓದುತ್ತಿದ್ದೇವೆಂಬ ಅರಿವು ಕೀಲ್ಪಾಕ್‌ನ ಯಾವ ಹುಡುಗನಿಗೂ ಇದ್ದಿರಲಾರದು. ಕನ್ನಡದ ಮಕ್ಕಳಿಗೆ ಅದೇ ಕಾಲಕ್ಕೆ ಇಂದ್ರಜಾಲ ಕಾಮಿಕ್ಸಿನ ಫ್ಯಾಂಟಮ್ ಇದ್ದ. ಅವನಿಗೆ ದೌರ್ಬಲ್ಯ ಹುಡುಕಬೇಕಾಗಿಯೇ ಇರಲಿಲ್ಲ. ಗುಂಡು ತಾಗಿದರೆ ಸಾಯುವ ಮನುಷ್ಯ, ಅಪ್ಪನ ಮುಖವಾಡ ಮಗ ತೊಟ್ಟು ಸಾವಿಲ್ಲದವನೆಂಬ ಪುಕಾರು ಕಾಪಾಡಿಕೊಂಡು ಬಂದವನು. ಆಮೇಲೆ ಬಾಲಮಂಗಳದ ಡಿಂಗ. ಆ ಇಲಿಯ ಕಥೆ ಓದುವಾಗ ಇವನು ಸೋಲಬಹುದು ಎಂಬ ಆತಂಕ ನನಗೆ ಒಮ್ಮೆಯೂ ಆದದ್ದಿಲ್ಲ, ಅದಕ್ಕೇ ಬೇಸರವೂ ಆಗಿದ್ದಿರಬೇಕು.

ಮಹಾಬಲನ ಮೈಯಲ್ಲಿ ತೂತು ತಡವಾಗಿ ಬೀಳುವುದು ಸೂಪರ್‌ಮ್ಯಾನನ ಒಬ್ಬನ ಕಥೆಯಲ್ಲ. ಹೋಮರನ ‘ಇಲಿಯಡ್’ನಲ್ಲಿ ಅಕಿಲಿಸನ ಹಿಮ್ಮಡಿಯ ಸುದ್ದಿಯಿಲ್ಲ. ತಾಯಿ ಅವನನ್ನು ನದಿಯಲ್ಲಿ ಅದ್ದಿದ ಕಥೆ ನಮಗೆ ಸಿಗುವುದು ಎಷ್ಟೋ ಶತಮಾನದ ನಂತರದ ರೋಮನ್ ಕವಿ ಸ್ಟೇಷಿಯಸ್‌ನಲ್ಲಿ. ನಮ್ಮಲ್ಲಿ ದುರ್ಯೋಧನನ ತೊಡೆಯದೂ ಅದೇ ಗತಿ. ಎಂಬತ್ತರ ದಶಕದ ಕೊನೆಯಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದ ‘ಮಹಾಭಾರತ್’ ನೋಡಿದವರಿಗೆಲ್ಲ ಉತ್ತರ ಗೊತ್ತು: ಗಾಂಧಾರಿ ಕಣ್ಣಿನ ಪಟ್ಟಿ ಬಿಚ್ಚಿ ಮಗನ ಮೈಯನ್ನು ವಜ್ರ ಮಾಡಿದಳು, ಕೃಷ್ಣನ ಕೀಟಲೆಗೆ ನಾಚಿ ಅವನು ಸೊಂಟ ಮುಚ್ಚಿಕೊಂಡು ಹೋಗಿದ್ದರಿಂದ ತೊಡೆ ಉಳಿಯಿತು. ವ್ಯಾಸಭಾರತದಲ್ಲಿ ಈ ಕಥೆ ಇಲ್ಲ. ಅಲ್ಲಿ ವನಪರ್ವದಲ್ಲಿ ಬೇರೊಂದು ವಿಚಿತ್ರ ವಿವರವಿದೆ. ಗಂಧರ್ವರ ಕೈಲಿ ಸಿಕ್ಕು ಪಾಂಡವರಿಂದ ಬಿಡುಗಡೆಯಾದ ಅವಮಾನಕ್ಕೆ ದುರ್ಯೋಧನ ಉಪವಾಸ ಬಿದ್ದು ಸಾಯಲು ಹೊರಡುತ್ತಾನೆ. ಆಗ ದಾನವರು ಅವನನ್ನು ಪಾತಾಳಕ್ಕೆ ಕರೆಸಿ ಸಮಾಧಾನ ಹೇಳುತ್ತಾರೆ. ನಿನ್ನ ಮೇಲರ್ಧ ವಜ್ರದಿಂದ ಆದದ್ದು, ಕೆಳಗಿನರ್ಧವನ್ನು ದೇವಿ ಹೂವಿನಿಂದ ಮಾಡಿದ್ದಾಳೆ ಎನ್ನುತ್ತಾರೆ. ಹೂವಿನ ಕಾಲು! ಸಮಾಧಾನ ಹೇಳುವವರು ಅದನ್ನು ಹೆಗ್ಗಳಿಕೆ ಎಂದೇ ಹೇಳಿದ್ದು, ಹೆಂಗಸರ ಮನಸೆಳೆಯಲು.

ಕೊನೆಗೆ ಗದಾಯುದ್ಧದಲ್ಲಿ ಅವನನ್ನು ಕೊಂದದ್ದು ಆ ಹೂವೂ ಅಲ್ಲ ಎಂದೇ ನನ್ನ ಓದು. ಗದಾಯುದ್ಧದಲ್ಲಿ ಹೊಕ್ಕುಳ ಕೆಳಗೆ ಹೊಡೆಯಕೂಡದು. ದುರ್ಯೋಧನ ಬಲರಾಮನ ಶಿಷ್ಯ. ಆ ನಿಯಮವನ್ನು ಎದುರಾಳಿಯೂ ಪಾಲಿಸುತ್ತಾನೆಂದು ನಂಬಿ ಮೇಲಕ್ಕೆ ಜಿಗಿದ. ಭೀಮ ನಿಯಮ ಮುರಿದ. ಜೂಜಿನ ಸಭೆಯಲ್ಲಿ ನಿಯಮವನ್ನೇ ಕಾಲಕಸ ಮಾಡಿದವನು ಸಾಯುವ ಹೊತ್ತಿಗೆ ನಿಯಮವನ್ನು ನೆಚ್ಚಿಕೊಂಡಿದ್ದ ಎಂಬ ವ್ಯಂಗ್ಯ ಅದರಲ್ಲಿದೆ. ರನ್ನ ‘ಗದಾಯುದ್ಧ’ದಲ್ಲಿ ದುರ್ಯೋಧನನಿಗೆ ಅಷ್ಟು ಘನತೆ ಕೊಡಲು ಸಾಧ್ಯವಾದದ್ದೂ ಅವನ ಸೋಲು ಮಾಂಸದ ಸೋಲಲ್ಲದ್ದರಿಂದ. ಟೀವಿಗೆ ಇಷ್ಟು ನವಿರಾದದ್ದು ಸಾಲದು. ಕ್ಯಾಮೆರಾಗೆ ತೋರಿಸಬಹುದಾದ ಒಂದು ಜಾಗ ಮೈಮೇಲೆ ಬೇಕು, ಗಾಂಧಾರಿಯ ಕಣ್ಣಿನಿಂದ ಹೊರಟ ಬೆಳಕು ಬೀಳದ ಒಂದು ಮೊಳ ಬಟ್ಟೆ ಬೇಕು. ಕಥೆ ಸಿಕ್ಕಿತು, ವ್ಯಂಗ್ಯ ಹೋಯಿತು.

ಸೂಪರ್‌ಮ್ಯಾನನನ್ನು ನಮ್ಮ ಪುರಾಣದ ಕಣ್ಣಿನಿಂದ ನೋಡಿದರೆ ಅವನು ನಾಯಕನಂತೆ ಕಾಣುವುದೇ ಇಲ್ಲ. ಯಾವ ಆಯುಧವೂ ತಾಗದ ಮೈ, ಒಂದೇ ಒಂದು ಎಡೆ: ಇದು ನಮ್ಮಲ್ಲಿ ಅಸುರರ ಜಾತಕ. ಹಿರಣ್ಯಕಶಿಪು ಬ್ರಹ್ಮನ ಹತ್ತಿರ ವಕೀಲನ ಹಾಗೆ ಷರತ್ತು ಬರೆಸಿಕೊಳ್ಳುತ್ತಾನೆ. ಒಳಗೂ ಅಲ್ಲ, ಹೊರಗೂ ಅಲ್ಲ, ಹಗಲೂ ಅಲ್ಲ, ರಾತ್ರಿಯೂ ಅಲ್ಲ, ನರನಿಂದಲ್ಲ, ಮೃಗದಿಂದಲ್ಲ. ಷರತ್ತು ಹೆಚ್ಚಿದಷ್ಟೂ ಸಂದು ಹೆಚ್ಚು. ಮಹಿಷ ಗಂಡಸರಿಂದ ಸಾವು ಬೇಡವೆಂದ, ಹೆಂಗಸರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ದೇವತೆಗಳ ಕೆಲಸ ಬಲ ತೋರಿಸುವುದಕ್ಕಿಂತ ಆ ಸಂದು ಹುಡುಕುವುದು. ಅಮೆರಿಕದವರು ಈ ಇಡೀ ಏರ್ಪಾಟನ್ನು ತಿರುಗಿಸಿಟ್ಟರು. ಅಜೇಯನಾದವನು ಒಳ್ಳೆಯವನು, ಬೋಳುತಲೆಯ ಜಾಣ ಮನುಷ್ಯ ಲೂಥರ್ ಕೆಟ್ಟವನು. ಲೂಥರನ ಕಡೆಯಿಂದ ಬರೆದರೆ ಅದು ನರಸಿಂಹಾವತಾರದ ತಯಾರಿಯ ಕಥೆ.

ಕನ್ನಡ ಸಿನಿಮಾಗೆ ಅಸುರರ ಮೇಲೆ ಮೊದಲಿನಿಂದಲೂ ಒಲವು. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಇಂದ್ರಜಿತುವಿನ ಮನೆಯ ಕಥೆ. ವೈ.ವಿ. ರಾವ್ ನಿರ್ದೇಶಿಸಿ 1934ರ ಮಾರ್ಚಿನಲ್ಲಿ ತೆರೆಕಂಡ ಅದರಲ್ಲಿ ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ. ಇಂದ್ರನನ್ನೇ ಗೆದ್ದವನಿಗೆ ಇದ್ದ ಎಡೆ ನಿಕುಂಭಿಳೆಯ ಯಾಗ. ಅದು ಪೂರ್ತಿಯಾದರೆ ಅವನನ್ನು ಗೆಲ್ಲಲಾಗದು, ಕೆಡಿಸಿದವನೇ ಕೊಲ್ಲುವವನು. ಗುಟ್ಟು ಬಿಟ್ಟುಕೊಟ್ಟವನು ಸ್ವಂತ ಚಿಕ್ಕಪ್ಪ ವಿಭೀಷಣ. ಹದಿನಾಲ್ಕು ವರ್ಷ ನಿದ್ದೆಗೆಟ್ಟವನಷ್ಟೇ ಅವನನ್ನು ಕೊಲ್ಲಬಲ್ಲ ಎಂಬ ಷರತ್ತನ್ನು ಜನಪದ ಸೇರಿಸಿಕೊಂಡಿತು, ಅದು ಲಕ್ಷ್ಮಣನ ಲೆಕ್ಕಕ್ಕೆ ಸರಿಹೊಂದಿತು. ಚಿತ್ರ ತಯಾರಾದದ್ದು ಕೊಲ್ಲಾಪುರದಲ್ಲಿ. ಅದರ ಪ್ರತಿ ಈಗ ಉಳಿದಿಲ್ಲ. ಅದೇ ವರ್ಷ ಕೀಲ್ಪಾಕ್ ಮಗ್ಗುಲಿನ ಪೂನಮಲ್ಲಿ ಹೈರೋಡಿನಲ್ಲಿ ಎ. ನಾರಾಯಣನ್ ಶ್ರೀನಿವಾಸ ಸಿನಿಟೋನ್ ಶುರುಮಾಡಿದರು. ಅಲ್ಲಿ ಧ್ವನಿಗ್ರಹಣಕ್ಕೆ ಕೂತವರು ಅವರ ಪತ್ನಿ ಮೀನಾ ನಾರಾಯಣನ್. ನ್ಯೂಟೋನ್ ಸ್ಟುಡಿಯೊ ಇದ್ದದ್ದೂ ಕೀಲ್ಪಾಕ್‌ನಲ್ಲೇ. ದೇವರೂ ರಾಕ್ಷಸರೂ ಕಿರೀಟ ಕೈಯಲ್ಲಿ ಹಿಡಿದು ಕಾಫಿ ಕುಡಿಯುತ್ತಿದ್ದ ಜಾಗಗಳಲ್ಲಿ ಈಗ ವಾಹನಗಳ ಹೊಗೆ. ಕನ್ನಡ ಚಿತ್ರಗಳು ಮದರಾಸಿನಲ್ಲೇ ತಯಾರಾಗುತ್ತಿದ್ದ ಮುಂದಿನ ವರ್ಷಗಳಲ್ಲಿ, 1959ರಲ್ಲಿ, ಬಿ.ಎಸ್. ರಂಗಾ ‘ಮಹಿಷಾಸುರ ಮರ್ದಿನಿ’ ತೆಗೆದರು, ಮಹಿಷನಾಗಿ ರಾಜಕುಮಾರ್. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಅವರೇ ಹಿರಣ್ಯಕಶಿಪು. ಜನ ಪ್ರಹ್ಲಾದನ ಭಕ್ತಿಗೆ ಕೈಮುಗಿದರು, ನೋಡಿದ್ದು ಮಾತ್ರ ಹಿರಣ್ಯಕಶಿಪುವನ್ನು.

ಈ ಸಾಲಿನಲ್ಲಿ ಮಾಯಾವಿಗೆ ತೀರ ಹತ್ತಿರದವನು ಭಸ್ಮಾಸುರ. ಅವನ ಶಕ್ತಿ ಇರುವುದೂ ಕೈಯಲ್ಲೇ, ಸಾವು ಇರುವುದೂ ಅಲ್ಲೇ. ಯಾರ ತಲೆಯ ಮೇಲೆ ಕೈಯಿಟ್ಟರೆ ಅವರು ಬೂದಿ. ಸಂದು ಹುಡುಕಬೇಕಿಲ್ಲ, ಅವನ ತಲೆಯೂ ಒಂದು ತಲೆ ಅಷ್ಟೆ. ಶಿವ ಓಡುತ್ತಾನೆ, ವಿಷ್ಣು ಮೋಹಿನಿಯಾಗಿ ಬಂದು ಕುಣಿಸುತ್ತಾನೆ. ಆ ಕುಣಿತ ನಡೆದದ್ದು ಕುಮಟಾದ ಹತ್ತಿರದ ಯಾಣದಲ್ಲಿ ಎಂದು ಉತ್ತರ ಕನ್ನಡದವರ ನಂಬಿಕೆ. ಕಾಡಿನ ನಡುವೆ 120 ಮೀಟರಿನ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ, ಎರಡೂ ಕಡುಗಪ್ಪು. ಸುತ್ತಲ ಕರಿಮಣ್ಣು ಅಸುರ ಉರಿದ ಬೂದಿಯಂತೆ. ‘ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ’ ಎಂಬ ಗಾದೆ ದಾರಿಯ ಕಷ್ಟ ನೋಡಿ ಹುಟ್ಟಿದ್ದಿರಬಹುದು, ಭಸ್ಮಾಸುರನಿಗೂ ಒಪ್ಪುತ್ತದೆ.

ಯಕ್ಷಗಾನದಲ್ಲಿ ಈ ಪ್ರಸಂಗ ನೋಡಬೇಕು. ಭಾಗವತರು ಪದ ಎತ್ತುತ್ತಾರೆ, ಮೋಹಿನಿ ಒಂದು ಹೆಜ್ಜೆ ಹಾಕಿ ನಿಲ್ಲುತ್ತಾಳೆ, ಭಸ್ಮಾಸುರ ಅದನ್ನೇ ಹಾಕುತ್ತಾನೆ. ಮೊದಮೊದಲು ಅವನದು ಒರಟು ಅನುಕರಣೆ, ಸಭೆ ನಗುತ್ತದೆ. ಚೆಂಡೆಯ ಕಾಲ ಏರಿದ ಹಾಗೆ ಅವನ ಹೆಜ್ಜೆಯೂ ಹದಕ್ಕೆ ಬರುತ್ತದೆ. ಒಳ್ಳೆಯ ವೇಷಧಾರಿಯಾದರೆ ಆ ರಾಕ್ಷಸ ಕುಣಿತಕ್ಕೆ ನಿಜವಾಗಿ ಸೋತದ್ದು ಕಾಣುತ್ತದೆ. ಸೊಂಟದ ಮೇಲೆ ಕೈ, ಹೆಗಲ ಮೇಲೆ ಕೈ, ಕೆನ್ನೆಗೆ ಕೈ. ನೋಡುವವರಿಗೆಲ್ಲ ಮುಂದಿನದು ಗೊತ್ತು, ಅವನಿಗೊಬ್ಬನಿಗೆ ಗೊತ್ತಿಲ್ಲ. ಕುಣಿತದ ಕಲೆ ತನ್ನ ಖಳನಿಗೆ ಕೊಟ್ಟ ದೌರ್ಬಲ್ಯ ಕುಣಿತವೇ. ದಾದಾಸಾಹೇಬ್ ಫಾಲ್ಕೆ 1913ರಲ್ಲಿ ತಮ್ಮ ಎರಡನೆಯ ಮೂಕಿಚಿತ್ರಕ್ಕೆ ಆರಿಸಿಕೊಂಡದ್ದು ಇದೇ ‘ಮೋಹಿನಿ ಭಸ್ಮಾಸುರ’ ಎಂಬುದು ಆಶ್ಚರ್ಯವಲ್ಲ. ಮಾತಿಲ್ಲದೆ ಪೂರ್ತಿ ಹೇಳಿಬಿಡಬಹುದಾದ ಸಾವು ಅದು. ಮೊದಲ ಚಿತ್ರದಲ್ಲಿ ಗಂಡಸರೇ ಹೆಣ್ಣುಪಾತ್ರ ಮಾಡಿದ್ದರು. ಇಲ್ಲಿ ಮೋಹಿನಿಯಾಗಿ ಕಮಲಾಬಾಯಿ, ಪಾರ್ವತಿಯಾಗಿ ಅವರ ತಾಯಿ ದುರ್ಗಾಬಾಯಿ ಕಾಮತ್ ಬಂದರು. ಭಾರತದ ತೆರೆಗೆ ಹೆಂಗಸರು ಬಂದದ್ದು ಈ ಅಸುರನ ದೌರ್ಬಲ್ಯದ ಬೆನ್ನುಹತ್ತಿ.

ಈಚಿನ ಸಿನಿಮಾಗಳಿಗೆ ಕಲ್ಲು, ಬಣ್ಣ, ಕೈ ಯಾವುದೂ ರುಚಿಸುತ್ತಿಲ್ಲ. ತೂತು ಈಗ ಮನಸ್ಸಿಗೆ ಸ್ಥಳಾಂತರವಾಗಿದೆ. ‘ಐರನ್ ಮ್ಯಾನ್’ ಟೋನಿ ಸ್ಟಾರ್ಕ್‌ನ ಕುಡಿತ 1979ರ ಕಾಮಿಕ್ಸಿನಲ್ಲಿ ದೊಡ್ಡ ಕಥೆಯಾಗಿತ್ತು. 2010ರ ಚಿತ್ರ ಅದನ್ನು ಅರ್ಧಕ್ಕೆ ಬಿಟ್ಟು ಎದೆಯೊಳಗಿನ ಲೋಹದ ವಿಷಕ್ಕೆ ಕಟ್ಟಿಹಾಕಿತು, 2013ರ ‘ಐರನ್ ಮ್ಯಾನ್ 3’ ಅವನಿಗೆ ಉಸಿರುಗಟ್ಟಿಸುವ ದಿಗಿಲು ಕೊಟ್ಟಿತು. ಮನಸ್ಸಿನ ಮಾತು ಬಂದರೆ ತಮಿಳು ಸಿನಿಮಾಗೆ ಒಂದೇ ವಿಳಾಸ, ನಮ್ಮ ಕೀಲ್ಪಾಕ್. ಇಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, 1794ರಲ್ಲಿ ಹುಟ್ಟಿ 1871ರಿಂದ ಈಗಿನ ಜಾಗದಲ್ಲಿದೆ. ತೆರೆಯ ಮೇಲೆ ಹಾಸ್ಯನಟ ‘ಕೀಳ್ಪಾಕ್ಕಂ’ ಎಂದರೆ ಸಾಕು, ಚಿತ್ರಮಂದಿರ ನಗುತ್ತದೆ. ವಿಳಾಸ ಹೇಳುವಾಗ ಆಟೊದವನೂ ನಗುತ್ತಾನೆ. ಅದಕ್ಕೆ ಒಗ್ಗಿಹೋಗಿದ್ದೇವೆ.

2005ರ ಶಂಕರ್ ಚಿತ್ರ ‘ಅನ್ನಿಯನ್’ ಆ ನಗುವನ್ನು ಭಯ ಮಾಡಲು ಹೊರಟಿತು. ನಿಯಮ ಬಿಟ್ಟು ಕದಲದ ಸಪ್ಪೆ ವಕೀಲ ಅಂಬಿ, ಅವನೊಳಗೇ ಗರುಡ ಪುರಾಣದ ಶಿಕ್ಷೆಗಳನ್ನು ಎಣಿಸಿ ಎಣಿಸಿ ಕೊಡುವ ಅನ್ನಿಯನ್. ವಿಕ್ರಮ್ ಅಭಿನಯಕ್ಕೆ ಎರಡು ಮಾತಿಲ್ಲ. ಆದರೆ ಕಾಯಿಲೆಯನ್ನೇ ಸೂಪರ್‌ಹೀರೋ ಅಂಗಿಯಂತೆ ತೊಡಿಸಿ, ಕೊನೆಗೆ ವೈದ್ಯರ ಬಾಯಲ್ಲಿ ಅದಕ್ಕೊಂದು ಇಂಗ್ಲಿಷ್ ಹೆಸರು ಹೇಳಿಸಿ, ನ್ಯಾಯಾಲಯದಿಂದ ಆಸ್ಪತ್ರೆಗೆ ಕಳಿಸಿಬಿಟ್ಟರೆ ದೌರ್ಬಲ್ಯವನ್ನು ತೋರಿಸಿದಂತಾಯಿತೆ? ಆ ಆಸ್ಪತ್ರೆಯ ಕಾಂಪೌಂಡಿನ ಪಕ್ಕದಲ್ಲಿ ದಿನವೂ ಹಾದುಹೋಗುವವರಿಗೆ ಅದು ಅಷ್ಟು ಸಲೀಸಾಗಿ ಒಪ್ಪಿಗೆಯಾಗದು. ಹೊರರೋಗಿಗಳ ಸಾಲಿನಲ್ಲಿ ಟಿಫಿನ್ ಡಬ್ಬಿ ಹಿಡಿದು ಕೂತವರಲ್ಲಿ ಯಾರೂ ಕಣ್ಣಿನ ಮೇಲೆ ಕೂದಲು ಇಳಿಬಿಟ್ಟು ಯಾರನ್ನೂ ಕೊಂದವರಲ್ಲ.

ಅದೇ ನಿರ್ದೇಶಕರ 2010ರ ‘ಎಂದಿರನ್’ನಲ್ಲಿ ಒಂದು ದೃಶ್ಯ ನನಗೆ ಈ ಎಲ್ಲ ಮನೋರೋಗಗಳಿಗಿಂತ ದೊಡ್ಡದು. ಬೆಂಕಿ ಹತ್ತಿದ ಕಟ್ಟಡದಿಂದ ರಜನೀಕಾಂತರ ಯಂತ್ರಮಾನವ ಚಿಟ್ಟಿ ಒಬ್ಬೊಬ್ಬರನ್ನೇ ಹೊತ್ತು ತರುತ್ತಾನೆ. ಸ್ನಾನ ಮಾಡುತ್ತಿದ್ದ ಹುಡುಗಿಯೊಬ್ಬಳನ್ನು ಹಾಗೆಯೇ ಎತ್ತಿಕೊಂಡು ಬಂದು ಜನರ ನಡುವೆ, ಕ್ಯಾಮೆರಾಗಳ ನಡುವೆ ನಿಲ್ಲಿಸುತ್ತಾನೆ. ಜೀವ ಉಳಿಸಿದ್ದೇನಲ್ಲ ಎಂದು ಅವನ ಲೆಕ್ಕ. ಅವಳು ನಾಚಿಕೆ ತಾಳಲಾರದೆ ಓಡುತ್ತಾಳೆ, ಓಡಿ ವಾಹನಕ್ಕೆ ಸಿಕ್ಕು ಸಾಯುತ್ತಾಳೆ. ಬೆಂಕಿ, ಗುಂಡು, ಕಬ್ಬಿಣ ಯಾವುದಕ್ಕೂ ಬಗ್ಗದವನಿಗೆ ಒಂದು ಟವೆಲ್ಲಿನ ಅಗತ್ಯ ಹೊಳೆಯಲಿಲ್ಲ. ಅವನ ದೌರ್ಬಲ್ಯ ಅವನನ್ನು ಕೊಲ್ಲುವುದಿಲ್ಲ, ಅವನು ಉಳಿಸಿದವಳನ್ನು ಕೊಲ್ಲುತ್ತದೆ. ಇಂಥದನ್ನು ಯಾವ ಕಾಮಿಕ್ಸೂ ತನ್ನ ನಾಯಕನಿಗೆ ಕೊಟ್ಟದ್ದು ನಾನು ಕಂಡಿಲ್ಲ.

2023ರ ‘ಮಾವೀರನ್’ ಬೇರೆ ದಾರಿ ಹಿಡಿಯಿತು. ಮಡೋನ್ ಅಶ್ವಿನ್ ನಿರ್ದೇಶನದ ಅದರಲ್ಲಿ ಶಿವಕಾರ್ತಿಕೇಯನ್ ಚೆನ್ನೈನ ಕೊಳೆಗೇರಿಯ ಹುಡುಗ ಸತ್ಯ. ಪತ್ರಿಕೆಯೊಂದಕ್ಕೆ ‘ಮಾವೀರನ್’ ಎಂಬ ಕಾಮಿಕ್ಸ್ ಬಿಡಿಸುವುದು ಅವನ ಕಸುಬು. ಬಿಡಿಸುವುದು ಶೂರನನ್ನು, ತಾನು ಮಹಾ ಪುಕ್ಕಲ. ‘ಹೊಸಬೆಳಕು’ ನೋಡಿದ ಕನ್ನಡಿಗರು ಮರೆಯದ ಸರಿತಾ ಅವನ ತಾಯಿ. ಅನ್ಯಾಯ ಕಂಡಲ್ಲಿ ಸೆರಗು ಬಿಗಿದು ನಿಲ್ಲುವವಳು. ಸರ್ಕಾರ ಅವರನ್ನೆಲ್ಲ ಹೊಸ ಬಹುಮಹಡಿ ಕಟ್ಟಡಕ್ಕೆ ಸಾಗಿಸುತ್ತದೆ. ಗೋಡೆಗೆ ಬೆರಳಿಟ್ಟರೆ ಗಾರೆ ಉದುರುವಂಥ ಕಟ್ಟಡ. ಮಂತ್ರಿಯ ಪಾತ್ರದಲ್ಲಿ ಮಿಷ್ಕಿನ್, ಹಿಂದೆ 2012ರಲ್ಲಿ ‘ಮುಗಮೂಡಿ’ ಎಂಬ ಸೂಪರ್‌ಹೀರೋ ಚಿತ್ರ ನಿರ್ದೇಶಿಸಿದ್ದವರು. ಒಂದು ದಿನ ಸತ್ಯನಿಗೆ ತಾನು ಬರೆಯುವ ಕಾಮಿಕ್ಸಿನ ನಿರೂಪಕನ ದನಿಯೇ ಕೇಳಿಸತೊಡಗುತ್ತದೆ. ಮುಂದೆ ಏನಾಗುತ್ತದೆ, ಯಾವ ಕಡೆ ಬಗ್ಗಬೇಕು ಎಲ್ಲ ಹೇಳುತ್ತದೆ. ಅವನು ತಲೆಯೆತ್ತಿ ಆಕಾಶ ನೋಡುತ್ತಾನೆ, ಬೇಡ ಎಂದು ಅಳುತ್ತಾನೆ, ಅಳುತ್ತಲೇ ಹೊಡೆದಾಡುತ್ತಾನೆ. ಈ ದನಿಗೆ ಚಿತ್ರ ಯಾವ ಕಾಯಿಲೆಯ ಹೆಸರನ್ನೂ ಅಂಟಿಸುವುದಿಲ್ಲ. ಕಾಮಿಕ್ಸಿನಲ್ಲಿ ಚೌಕದ ಮೇಲಿನ ಪಟ್ಟಿಯಲ್ಲಿ ಬರೆದ ವಾಕ್ಯ ನಾಯಕನಿಗೆ ಕೇಳಿಸುವುದಿಲ್ಲ, ಓದುಗನಿಗಷ್ಟೇ ಕಾಣುತ್ತದೆ. ಸಿನಿಮಾಗೆ ಸದ್ದಿದೆಯಲ್ಲ, ಹಾಗಾಗಿ ಅದು ಇವನ ಕಿವಿಗೂ ಬಿತ್ತು.

ಆ ದನಿಯೇ ಒಂದು ಹಂತದಲ್ಲಿ ಮಾವೀರ ಸಾಯುತ್ತಾನೆ ಎಂದೂ ಹೇಳಿಬಿಡುತ್ತದೆ. ಸೂಪರ್‌ಮ್ಯಾನ್ ಕಲ್ಲು ಕಂಡ ಮೇಲೆ ಕುಸಿಯುತ್ತಾನೆ, ಇಂದ್ರಜಿತುವಿಗೆ ಯಾಗ ಕೆಟ್ಟ ಮೇಲೆ ಗೊತ್ತಾಗುತ್ತದೆ, ಭಸ್ಮಾಸುರನಿಗೆ ಕೈ ತಲೆ ಮುಟ್ಟಿದ ಮೇಲೂ ಗೊತ್ತಾಗುವುದಿಲ್ಲ. ಸತ್ಯನಿಗೆ ಎಲ್ಲ ಮೊದಲೇ ಗೊತ್ತು. ಕಥೆ ಎಲ್ಲಿ ಮುಗಿಯುತ್ತದೆಂದು ಕೇಳಿಸಿಕೊಂಡ ಪುಕ್ಕಲ ಮಾಡಬಹುದಾದದ್ದನ್ನೇ ಮಾಡುತ್ತಾನೆ, ಹಿಂದೆ ಸರಿಯುತ್ತಾನೆ. ಅಷ್ಟರಲ್ಲಿ ಕಟ್ಟಡ ಬಿರುಕು ಬಿಡುತ್ತದೆ, ಒಳಗೆ ಇನ್ನೂ ಜನರಿದ್ದಾರೆ. ಅವನು ಮೆಟ್ಟಿಲು ಹತ್ತುವಾಗಲೂ ಕಾಲು ನಡುಗುತ್ತಿರುತ್ತದೆ. ಆ ನಡುಕವನ್ನು ಶಿವಕಾರ್ತಿಕೇಯನ್ ಕೊನೆಯವರೆಗೂ ಬಿಡಲಿಲ್ಲ.